ಯಕ್ಷಗಾನ ದಾಖಲೆಯ ಗ್ರಾಫ್ ಡೇಟಾಬೇಸ್: ಯಾರಿಗೆ ಎಷ್ಟು ಅನುಮತಿ, ಬ್ಯಾಕಪ್ ಯಾರ ಕೈಯಲ್ಲಿ?

ಕುಂಬಳೆಯ ಸಂಗ್ರಾಹಕ

ಮಾನ್ಯರೇ,

ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಸುತ್ತಿನ ಕೆಲವು ಆಸಕ್ತರು ಸೇರಿ ಯಕ್ಷಗಾನದ ತೆಂಕುತಿಟ್ಟು ಶೈಲಿಯ ಕಲಾವಿದರು, ಮೇಳಗಳು, ಪ್ರಸಂಗಗಳು ಮತ್ತು ಪ್ರದರ್ಶನಗಳ ವಿವರವನ್ನು ಒಂದೆಡೆ ಕಲೆಹಾಕುತ್ತಿದ್ದೇವೆ. ಯಾರು ಯಾರಲ್ಲಿ ನಾಟ್ಯ ಕಲಿತರು, ಯಾವ ತಿರುಗಾಟದಲ್ಲಿ ಯಾವ ಮೇಳದಲ್ಲಿದ್ದರು, ಯಾವ ಪ್ರಸಂಗದಲ್ಲಿ ಯಾವ ವೇಷ ಮಾಡಿದರು ಎಂಬುದೆಲ್ಲ ಒಂದಕ್ಕೊಂದು ಹೆಣೆದುಕೊಂಡ ಸಂಬಂಧಗಳೇ ಆಗಿರುವುದರಿಂದ, ಸಾಮಾನ್ಯ ಕೋಷ್ಟಕಗಳನ್ನು ಬಿಟ್ಟು ನಿಯೋ4ಜೆ ಗ್ರಾಫ್ ಡೇಟಾಬೇಸಿನ ಕಮ್ಯುನಿಟಿ ಆವೃತ್ತಿಯನ್ನು ಆರಿಸಿಕೊಂಡಿದ್ದೇವೆ. ಬಳಗದ ಒಬ್ಬರ ಮನೆಯಲ್ಲಿರುವ ಕಂಪ್ಯೂಟರೇ ನಮ್ಮ ಸರ್ವರ್.

ಊರೂರಿಗೆ ಹೋಗಿ ಮಾಹಿತಿ ತಂದು ತುಂಬಿಸುವವರು, ಅದನ್ನು ಪರಿಶೀಲಿಸಿ ತಿದ್ದುವವರು, ಓದುವುದಕ್ಕೆ ಮಾತ್ರ ಬರುವ ಸಂಶೋಧಕರು ಮತ್ತು ವಿದ್ಯಾರ್ಥಿಗಳು, ಹೀಗೆ ಮೂರು ಬಗೆಯ ಜನರಿದ್ದರೂ ಈಗ ಎಲ್ಲರೂ ಒಂದೇ ಯೂಸರ್ ಹೆಸರಿನಲ್ಲಿ ಒಳಹೋಗುತ್ತಿದ್ದಾರೆ. ದಾಖಲೆಯಲ್ಲಿ ಕಲಾವಿದರ ಫೋನ್ ನಂಬರು, ಮನೆಯ ವಿಳಾಸ, ಕೆಲವರು ವಿಶ್ವಾಸದಿಂದ ತಿಳಿಸಿದ ಸಂಭಾವನೆಯ ಮೊತ್ತ ಮತ್ತು ಅನಾರೋಗ್ಯದ ವಿವರಗಳೂ ಇವೆ. ಇವು ಎಲ್ಲರಿಗೂ ಕಾಣಬಾರದು. ಹಾಗೆಯೇ, ಮಳೆಗಾಲದ ಸಿಡಿಲಿಗೆ ಯಂತ್ರ ಹೋದರೂ ದಾಖಲೆ ಉಳಿಯಬೇಕು. ಅನುಮತಿಗಳನ್ನು ಹೇಗೆ ಹಂಚಬೇಕು, ಬ್ಯಾಕಪ್ಪನ್ನು ಹೇಗೆ ಇಡಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಮಂಜೇಶ್ವರದ ಡೇಟಾಬೇಸ್ ನಿರ್ವಾಹಕಿ

ನಮಸ್ಕಾರ. ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವೆರಡನ್ನೂ ಬೇರ್ಪಡಿಸಿ ಉತ್ತರಿಸಿದರೆ ಎರಡೂ ಕೆಡುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಾಲ್ತಿಯಲ್ಲಿರುವ ಸರ್ವರಿನ ಮೇಲೆ ಎಷ್ಟೇ ಸೂಕ್ಷ್ಮವಾಗಿ ಅನುಮತಿಗಳನ್ನು ಕಟ್ಟಿದರೂ ಬ್ಯಾಕಪ್ ಫೈಲಿಗೆ ಆ ಯಾವ ಕಟ್ಟೂ ಅನ್ವಯಿಸುವುದಿಲ್ಲ. ಆ ಫೈಲ್ ಕೈಗೆ ಸಿಕ್ಕಿದವರು ಅದನ್ನು ತಮ್ಮ ಕಂಪ್ಯೂಟರಿಗೆ ಲೋಡ್ ಮಾಡಿ, ಅಲ್ಲಿ ತಾವೇ ಅಡ್ಮಿನ್ ಆಗಿ, ಪ್ರತಿಯೊಂದು ನೋಡನ್ನೂ (ಗ್ರಾಫಿನಲ್ಲಿ ಒಬ್ಬ ಕಲಾವಿದ, ಒಂದು ಮೇಳ ಎಂಬಂಥ ಒಂದೊಂದು ಘಟಕವನ್ನೂ) ಓದಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ಯೂಸರ್‌ಗಳು, ಪಾಸ್‌ವರ್ಡ್‌ಗಳು ಮತ್ತು ಅನುಮತಿಗಳು ನಿಮ್ಮ ದತ್ತಾಂಶವಿರುವ ಡೇಟಾಬೇಸಿನಲ್ಲಿ ಇರುವುದೇ ಇಲ್ಲ. ಅವು ಸಿಸ್ಟಮ್ ಎಂಬ ಪ್ರತ್ಯೇಕ ಡೇಟಾಬೇಸಿನಲ್ಲಿರುತ್ತವೆ. ದತ್ತಾಂಶವನ್ನು ಮಾತ್ರ ಬ್ಯಾಕಪ್ ಮಾಡಿಟ್ಟವರು ಹೊಸ ಯಂತ್ರದಲ್ಲಿ ಅದನ್ನು ಎಬ್ಬಿಸಿದಾಗ ಕಲಾವಿದರೆಲ್ಲ ಮರಳಿ ಬರುತ್ತಾರೆ, ಅವರನ್ನು ಕಾಯುತ್ತಿದ್ದ ನಿಯಮ ಒಂದೂ ಬರುವುದಿಲ್ಲ.

ಕಮ್ಯುನಿಟಿ ಆವೃತ್ತಿಯಲ್ಲಿ ಎಷ್ಟು ಯೂಸರ್‌ಗಳನ್ನಾದರೂ ಸೃಷ್ಟಿಸಬಹುದು, ಆದರೆ ಒಬ್ಬೊಬ್ಬರ ಪಾತ್ರಕ್ಕೆ ತಕ್ಕಂತೆ ಅನುಮತಿ ಕೊಡುವ ರೋಲ್‌ಗಳಿಲ್ಲ. ಪಾಸ್‌ವರ್ಡ್ ಇರುವ ಪ್ರತಿಯೊಬ್ಬರಿಗೂ ಓದುವ, ಬರೆಯುವ, ಅಳಿಸುವ ಪೂರ್ಣ ಅಧಿಕಾರವಿರುತ್ತದೆ. ಆದುದರಿಂದ ಬೇರೆ ಬೇರೆ ಯೂಸರ್ ಹೆಸರು ಕೊಟ್ಟ ಮಾತ್ರಕ್ಕೆ ಫೋನ್ ನಂಬರುಗಳು ಮರೆಯಾಗುವುದಿಲ್ಲ. ರೋಲ್‌ಗಳ ಆಧಾರದ ಮೇಲೆ ಅನುಮತಿ ಹಂಚುವ ವ್ಯವಸ್ಥೆ ಇರುವುದು ಎಂಟರ್‌ಪ್ರೈಸ್ ಆವೃತ್ತಿಯಲ್ಲಿ. ಲೇಬಲ್ (ನೋಡ್ ಯಾವ ಬಗೆಯದೆಂಬ ಹಣೆಪಟ್ಟಿ), ಸಂಬಂಧ ಮತ್ತು ಪ್ರಾಪರ್ಟಿಗಳ (ಹೆಸರು, ಫೋನ್ ಮುಂತಾದ ವಿವರಗಳ) ಮಟ್ಟಕ್ಕೆ ಇಳಿಯುವ ಇಂದಿನ ಸೂಕ್ಷ್ಮ ಅನುಮತಿಗಳು 2020ರಲ್ಲಿ ಬಿಡುಗಡೆಯಾದ 4.0 ಆವೃತ್ತಿಯೊಂದಿಗೆ ಬಂದವು.

ಅಲ್ಲಿ ಮೊದಲೇ ಸಿದ್ಧವಾಗಿರುವ ರೋಲ್‌ಗಳಿವೆ. ರೀಡರ್ ಓದುವುದಕ್ಕೆ ಮಾತ್ರ. ಎಡಿಟರ್ ಇರುವ ಲೇಬಲ್ ಮತ್ತು ಪ್ರಾಪರ್ಟಿ ಹೆಸರುಗಳೊಳಗೆ ಬರೆಯಬಹುದು, ಆದರೆ ಹೊಸ ಲೇಬಲನ್ನೋ ಹೊಸ ಬಗೆಯ ಸಂಬಂಧವನ್ನೋ ಹುಟ್ಟಿಸುವಂತಿಲ್ಲ. ಆ ಅಧಿಕಾರ ಪಬ್ಲಿಷರ್‌ಗಿದೆ. ಇಂಡೆಕ್ಸ್ (ಹುಡುಕಾಟದ ಸೂಚಿ) ಮತ್ತು ಕನ್‌ಸ್ಟ್ರೇಂಟ್‌ಗಳನ್ನು (ದತ್ತಾಂಶ ಪಾಲಿಸಬೇಕಾದ ನಿಯಮಗಳನ್ನು) ಕಟ್ಟುವವರು ಆರ್ಕಿಟೆಕ್ಟ್, ಯೂಸರ್‌ಗಳನ್ನು ನೋಡಿಕೊಳ್ಳುವವರು ಅಡ್ಮಿನ್. ಪಬ್ಲಿಕ್ ಎಂಬ ರೋಲ್ ಎಲ್ಲರಿಗೂ ತಾನಾಗಿಯೇ ಸೇರಿರುತ್ತದೆ, ಆದುದರಿಂದ ಅದಕ್ಕೆ ಏನನ್ನಾದರೂ ಕೊಡುವ ಮುನ್ನ ಯೋಚಿಸಬೇಕು.

ಎಡಿಟರ್ ಮತ್ತು ಪಬ್ಲಿಷರ್ ನಡುವಿನ ಅಂತರ ಕನ್ನಡದಲ್ಲಿ ದಾಖಲಿಸುವವರಿಗೆ ತುಂಬ ಮುಖ್ಯವಾದುದು. ಒಬ್ಬರು "ಮೇಳ" ಎಂದೂ ಇನ್ನೊಬ್ಬರು "ಮೇಳಗಳು" ಎಂದೂ ಲೇಬಲ್ ಕೊಟ್ಟರೆ ಗ್ರಾಫ್ ಇಬ್ಭಾಗವಾಗುತ್ತದೆ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಒಂದೇ ಪದವನ್ನು ಅರ್ಧಾಕ್ಷರ ಬಿಡಿಸುವ ಕಾಣದ ಅಕ್ಷರದೊಂದಿಗೆ ಒಬ್ಬರು, ಅದಿಲ್ಲದೆ ಇನ್ನೊಬ್ಬರು ಟೈಪ್ ಮಾಡಿದರೆ ಕಣ್ಣಿಗೆ ಬಹುಪಾಲು ಒಂದೇ ರೀತಿ ಕಂಡರೂ ಯಂತ್ರಕ್ಕೆ ಅವು ಎರಡು ಹೆಸರುಗಳು. ತುಂಬಿಸುವವರನ್ನು ಎಡಿಟರ್ ಮಟ್ಟದಲ್ಲಿ ನಿಲ್ಲಿಸಿದರೆ ಲೇಬಲ್‌ಗಳ ಮಟ್ಟಿಗಾದರೂ ಈ ಕಾಟ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಗಾತ್ರದ ಬಳಗಕ್ಕೆ ಎಂಟರ್‌ಪ್ರೈಸ್ ಪರವಾನಗಿ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಎರಡು ಯಂತ್ರಗಳಲ್ಲಿ ಎರಡು ಗ್ರಾಫ್‌ಗಳನ್ನು ಇಡಿ. ಒಂದರಲ್ಲಿ ಎಲ್ಲ ವಿವರವೂ ಇರಲಿ, ಅದಕ್ಕೆ ಪ್ರವೇಶ ಪರಿಶೀಲಕರಿಗೆ ಮಾತ್ರ. ಇನ್ನೊಂದು ಓದುಗರಿಗೆ, ಅದರಲ್ಲಿ ತೋರಿಸಬಹುದಾದದ್ದನ್ನು ಮಾತ್ರ ಆರಿಸಿ ತುಂಬಿಸಬೇಕು. ನಿಯೋ4ಜೆಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಅಪಾಕ್ ಎಂಬ ತಂತ್ರಾಂಶ ಗ್ರಂಥಾಲಯದಲ್ಲಿ, ನಿಯೋ4ಜೆಯ ಪ್ರಶ್ನಾ ಭಾಷೆಯಾದ ಸೈಫರಿನಲ್ಲಿ ಬರೆದ ಒಂದು ಪ್ರಶ್ನೆಯ ಫಲಿತಾಂಶವನ್ನಷ್ಟೇ ಫೈಲಿಗೆ ರಫ್ತು ಮಾಡುವ ಸೌಲಭ್ಯವಿದೆ. ಅದರ ಕಾನ್ಫಿಗರೇಶನ್ ಫೈಲಿನಲ್ಲಿ ರಫ್ತಿಗೆ ಒಪ್ಪಿಗೆ ಕೊಟ್ಟಿರಬೇಕು. ಆ ಪ್ರಶ್ನೆಯನ್ನು ಬರೆಯುವಾಗ "ಇವನ್ನು ಬಿಟ್ಟು ಉಳಿದೆಲ್ಲ" ಎನ್ನದೆ "ಇವು ಮಾತ್ರ" ಎಂದೇ ಬರೆಯಬೇಕು. ಮುಂದೆ ಯಾರಾದರೂ ಬ್ಯಾಂಕ್ ಖಾತೆಯ ವಿವರವನ್ನು ಹೊಸ ಪ್ರಾಪರ್ಟಿಯಾಗಿ ಸೇರಿಸಿದರೂ ಅದು ತಾನಾಗಿ ಹೊರಹೋಗುವುದಿಲ್ಲ.

ಬದಿಯಡ್ಕದ ಮಾಷ್ಟ್ರು

ನಿರ್ವಾಹಕಿಯವರು ಹೇಳಿದ ಎರಡು ಗ್ರಾಫ್‌ಗಳ ಏರ್ಪಾಡನ್ನು ನಾನೂ ಬೆಂಬಲಿಸುತ್ತೇನೆ, ಆದರೆ ಅದಕ್ಕೊಂದು ಷರತ್ತನ್ನು ಸೇರಿಸಬೇಕು. ಓದುಗರ ಯಂತ್ರದಲ್ಲಿರುವುದೂ ಕಮ್ಯುನಿಟಿ ಆವೃತ್ತಿಯೇ ಆಗಿರುವುದರಿಂದ, ಅಲ್ಲಿಗೆ ನೇರವಾಗಿ ಪಾಸ್‌ವರ್ಡ್ ಕೊಟ್ಟರೆ ಬಂದವರು ಅಳಿಸಿಯೂ ಹೋಗಬಹುದು. ನಿಯೋ4ಜೆಗೆ ಜಾಲದಿಂದ ಪ್ರವೇಶಿಸುವ ಬಾಗಿಲುಗಳಾದ 7687ನೇ ಬೋಲ್ಟ್ ಪೋರ್ಟನ್ನೂ 7474ನೇ ಬ್ರೌಸರ್ ಪೋರ್ಟನ್ನೂ ಹೊರಗಿನ ಜಾಲಕ್ಕೆ ತೆರೆಯಬಾರದು. ಮುಂದೆ ಒಂದು ವೆಬ್ ಪುಟವನ್ನಿಟ್ಟು, ಮೊದಲೇ ಬರೆದಿಟ್ಟ ಪ್ರಶ್ನೆಗಳನ್ನಷ್ಟೇ ಅದರ ಮೂಲಕ ಕೇಳುವಂತಿರಬೇಕು. ಓದುಗರು ಟೈಪ್ ಮಾಡಿದ ಕಲಾವಿದರ ಹೆಸರನ್ನು ಪ್ರಶ್ನೆಯ ವಾಕ್ಯಕ್ಕೆ ನೇರವಾಗಿ ಅಂಟಿಸದೆ ಪ್ಯಾರಾಮೀಟರ್ ಆಗಿ ಕಳುಹಿಸಬೇಕು. ಇಲ್ಲವಾದರೆ ಹೆಸರಿನ ಜಾಗದಲ್ಲಿ ಅಳಿಸುವ ಆದೇಶವನ್ನೇ ಬರೆಯಲು ಅವಕಾಶವಾಗುತ್ತದೆ. ಡೇಟಾಬೇಸನ್ನು ಓದುವುದಕ್ಕೆ ಮಾತ್ರ ಎಂದು ಕಾನ್ಫಿಗರೇಶನ್ನಿನಲ್ಲೇ ಕಟ್ಟಿಡುವ ಆಯ್ಕೆಯೂ ಇದೆ, ಅದನ್ನು ಓದುಗರ ಯಂತ್ರದಲ್ಲಿ ಬಳಸಿಕೊಳ್ಳಬಹುದು.

ನೀರ್ಚಾಲಿನ ವಿದ್ಯಾರ್ಥಿ

ಮಾಷ್ಟ್ರೇ, ಸರ್ವರ್ ಮನೆಯ ವೈಫೈ ಒಳಗೇ ಇದೆಯಲ್ಲ, ಪ್ರತಿ ಸಲ ಪಾಸ್‌ವರ್ಡ್ ಕೇಳುವುದನ್ನು ನಿಲ್ಲಿಸಿದರೆ ತುಂಬಿಸುವವರಿಗೆ ಅನುಕೂಲವಾಗುವುದಿಲ್ಲವೇ? ಕಾನ್ಫಿಗರೇಶನ್ನಿನಲ್ಲಿ ಅದಕ್ಕೊಂದು ಸಾಲು ಇರುವುದನ್ನು ನೋಡಿದ್ದೇನೆ.

ಬದಿಯಡ್ಕದ ಮಾಷ್ಟ್ರು

ದಯವಿಟ್ಟು ಹಾಗೆ ಮಾಡಬೇಡಿ. ಮನೆಗೆ ಬಂದ ನೆಂಟರ ಫೋನ್ ಕೂಡ ಅದೇ ವೈಫೈಗೆ ಸೇರುತ್ತದೆ. ರೋಲ್‌ಗಳಿಲ್ಲದ ಆವೃತ್ತಿಯಲ್ಲಿ ಪಾಸ್‌ವರ್ಡ್ ಒಂದೇ ಇರುವ ಬಾಗಿಲು, ಅದನ್ನೂ ತೆಗೆದರೆ ಉಳಿಯುವುದು ಏನೂ ಇಲ್ಲ. ಬದಲಿಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಯೂಸರ್ ಮಾಡಿಕೊಡಿ. ಅಧಿಕಾರ ಸಮಾನವಾಗಿದ್ದರೂ, ಯಾರಾದರೂ ಬಳಗ ಬಿಟ್ಟಾಗ ಉಳಿದವರ ಪಾಸ್‌ವರ್ಡ್ ಬದಲಿಸದೆ ಅವರೊಬ್ಬರ ಯೂಸರನ್ನು ತೆಗೆದುಹಾಕಬಹುದು.

ಪೆರ್ಲದ ಅರ್ಥಧಾರಿ

ನಾನು ಕಂಪ್ಯೂಟರ್ ಕ್ಷೇತ್ರದವನಲ್ಲ, ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಈ ದಾಖಲೆಗೆ ಮಾಹಿತಿ ಕೊಟ್ಟವರಲ್ಲಿ ನಾನೂ ಒಬ್ಬ. ಫೋನ್ ನಂಬರನ್ನೂ ಸಂಭಾವನೆಯನ್ನೂ ಮುಚ್ಚುವಿರೆಂದು ಓದಿ ಸಮಾಧಾನವಾಯಿತು, ಆದರೆ ನಮ್ಮ ಆತಂಕ ಅಷ್ಟಕ್ಕೇ ಮುಗಿಯುವುದಿಲ್ಲ. ಒಬ್ಬ ವೇಷಧಾರಿ ತಿರುಗಾಟದ ನಡುವೆಯೇ, ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮುಂಚೆ, ಒಂದು ಮೇಳವನ್ನು ಬಿಟ್ಟು ಇನ್ನೊಂದಕ್ಕೆ ಸೇರಿದರು ಎಂಬುದು ದಿನಾಂಕ ಸಮೇತ ಕಾಣಿಸಿದರೆ, ಕಾರಣವನ್ನು ಬರೆಯದಿದ್ದರೂ ಊರಿನವರಿಗೆ ಅರ್ಥವಾಗುತ್ತದೆ. ಹರಕೆ ಆಟ ಆಡಿಸಿದ ಸೇವಾಕರ್ತರ ಮನೆಗಳೂ ದಾಖಲೆಯಲ್ಲಿವೆ. ಯಾವ ಮನೆಯವರು ಯಾವ ವರ್ಷ ಹರಕೆ ಹೊತ್ತರು ಎಂಬುದು ಅವರ ಸ್ವಂತ ವಿಷಯ. ಇನ್ನು ಕೆಲವು ಹಿರಿಯರು, ತಮ್ಮ ಹೆಸರನ್ನು ಪ್ರಕಟಿಸಬೇಡಿ ಎಂದು ಹೇಳಿಯೂ ತಮ್ಮ ಗುರುಗಳ ಮತ್ತು ಶಿಷ್ಯರ ಹೆಸರನ್ನು ಹೇಳಿದ್ದಾರೆ. ಅವರನ್ನು ತೆಗೆದುಹಾಕಿದರೆ ಶಿಷ್ಯರು ಎಲ್ಲಿಂದಲೋ ಉದುರಿದವರಂತೆ ಕಾಣುತ್ತಾರೆ. ಇದಕ್ಕೆ ನಿಮ್ಮ ವ್ಯವಸ್ಥೆಯಲ್ಲಿ ಏನಾದರೂ ದಾರಿಯಿದೆಯೇ?

ಮಂಜೇಶ್ವರದ ಡೇಟಾಬೇಸ್ ನಿರ್ವಾಹಕಿ

ಅರ್ಥಧಾರಿಗಳೇ, ಗ್ರಾಫ್ ಡೇಟಾಬೇಸಿನ ಅನುಮತಿಗಳ ತಿರುಳನ್ನೇ ತಾವು ಕೇಳಿದ್ದೀರಿ, ಆದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಿಯೋ4ಜೆಯ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಓದುವ ಅನುಮತಿ ಒಂದಲ್ಲ, ಎರಡು. ಟ್ರಾವರ್ಸ್ ಎಂಬುದು ಒಂದು ನೋಡ್ ಅಥವಾ ಸಂಬಂಧ ಇದೆಯೆಂದು ತಿಳಿಯುವ, ಅದರ ಮೂಲಕ ಹಾದುಹೋಗುವ ಅನುಮತಿ. ರೀಡ್ ಎಂಬುದು ಅದರ ಪ್ರಾಪರ್ಟಿಗಳನ್ನು, ಅಂದರೆ ಹೆಸರು, ಹುಟ್ಟಿದ ವರ್ಷ ಮುಂತಾದವನ್ನು ಓದುವ ಅನುಮತಿ. ಎರಡನ್ನೂ ಒಟ್ಟಿಗೆ ಕೊಡುವುದು ಮ್ಯಾಚ್. ಹೆಸರು ಬೇಡವೆಂದ ಹಿರಿಯರ ನೋಡ್‌ಗಳಿಗೆ ಪ್ರತ್ಯೇಕವಾದ ಒಂದು ಲೇಬಲ್ ಸೇರಿಸಿ, ಓದುಗರ ರೋಲಿಗೆ ಅಲ್ಲಿ ಟ್ರಾವರ್ಸನ್ನು ಬಿಟ್ಟು ರೀಡನ್ನು ಮಾತ್ರ ತಡೆದರೆ, ಗುರುಪರಂಪರೆಯ ಸರಪಳಿ ಕಡಿಯದೆ ಉಳಿಯುತ್ತದೆ. ನಡುವಿನ ಕೊಂಡಿಯ ಹೆಸರು ಕೇಳಿದಾಗ ಮಾತ್ರ ಉತ್ತರ ಶೂನ್ಯವಾಗಿ ಬರುತ್ತದೆ. ಅದರ ಬದಲು ಟ್ರಾವರ್ಸನ್ನೇ ತಡೆದರೆ ಆ ವ್ಯಕ್ತಿ ಇಲ್ಲವೇ ಇಲ್ಲ ಎಂಬಂತೆ ಎಲ್ಲ ಉತ್ತರಗಳೂ ಬರುತ್ತವೆ. ಎಣಿಕೆ ಕಡಿಮೆಯಾಗುತ್ತದೆ, ಅವರ ಮೂಲಕ ಹೋಗುವ ದಾರಿಗಳು ಕಡಿಯುತ್ತವೆ. ಒಂದು ಸಂಬಂಧ ಕಾಣಬೇಕಾದರೆ ಆ ಸಂಬಂಧದ ಮೇಲೂ ಅದರ ಎರಡೂ ತುದಿಯ ನೋಡ್‌ಗಳ ಮೇಲೂ ಟ್ರಾವರ್ಸ್ ಅನುಮತಿ ಇರಲೇಬೇಕು. ಅಪೂರ್ಣ ಉತ್ತರ ಪಡೆದ ಸಂಶೋಧಕರಿಗೆ ಅದು ಅಪೂರ್ಣವೆಂಬ ಸೂಚನೆ ಎಲ್ಲಿಯೂ ಸಿಗುವುದಿಲ್ಲ. ಆದುದರಿಂದ ಟ್ರಾವರ್ಸ್ ತಡೆಯುವಾಗ ಪುಟದ ಮೇಲೆ ಆ ವಿಷಯವನ್ನು ತಿಳಿಸುವುದು ಓದುಗರಿಗೆ ನಾವು ತೋರಿಸಬೇಕಾದ ಪ್ರಾಮಾಣಿಕತೆ ಎಂದು ಭಾವಿಸುತ್ತೇನೆ.

ಕಮ್ಯುನಿಟಿ ಆವೃತ್ತಿಯ ಎರಡು ಗ್ರಾಫ್‌ಗಳ ಏರ್ಪಾಡಿನಲ್ಲೂ ಇದೇ ವಿವೇಕವನ್ನು ಬಳಸಬಹುದು. ರಫ್ತು ಮಾಡುವಾಗ ಆ ಹಿರಿಯರ ನೋಡನ್ನು ಹೆಸರಿಲ್ಲದೆ, ಅರ್ಥವಿಲ್ಲದ ಒಂದು ಗುರುತಿನ ಸಂಖ್ಯೆಯೊಂದಿಗೆ ಕಳುಹಿಸಿ, ಶಿಷ್ಯ ಸಂಬಂಧಗಳನ್ನು ಹಾಗೆಯೇ ಉಳಿಸಿಕೊಳ್ಳಿ. ಪುಟದಲ್ಲಿ ಖಾಲಿ ಜಾಗದ ಬದಲು "ಹೆಸರು ಪ್ರಕಟಿಸಿಲ್ಲ" ಎಂದು ತೋರಿಸಿ. ಆದರೆ ಒಬ್ಬ ಪ್ರಸಿದ್ಧ ಶಿಷ್ಯನಿಗೆ ಗುರು ಒಬ್ಬರೇ ಎಂದು ಊರಿಗೆಲ್ಲ ತಿಳಿದಿದ್ದರೆ ಹೆಸರನ್ನು ಮುಚ್ಚಿಯೂ ಪ್ರಯೋಜನವಿಲ್ಲ. ಅಂಥ ಕಡೆ ಸಂಬಂಧವನ್ನೇ ಕೈಬಿಡಬೇಕಾಗುತ್ತದೆ. ಅದನ್ನು ಯಂತ್ರ ನಿರ್ಧರಿಸಲಾರದು, ತಮ್ಮಂಥವರೇ ನೋಡಿ ಹೇಳಬೇಕು.

ಮೇಳ ಬಿಟ್ಟ ವಿಚಾರಕ್ಕೆ ಬರುತ್ತೇನೆ. ಪ್ರಾಪರ್ಟಿಗಳನ್ನು ಮುಚ್ಚಿ ಸಂಬಂಧಗಳನ್ನು ತೆರೆದಿಟ್ಟರೆ ಗ್ರಾಫಿನಲ್ಲಿ ಗುಟ್ಟು ಉಳಿಯುವುದಿಲ್ಲ ಎಂಬ ತಮ್ಮ ಮಾತು ನೂರಕ್ಕೆ ನೂರು ನಿಜ. ತಿರುಗಾಟದ ಸಂಬಂಧಕ್ಕೆ ದಿನಾಂಕದ ಬದಲು ತಿರುಗಾಟದ ವರ್ಷವನ್ನಷ್ಟೇ ಓದುಗರ ಗ್ರಾಫಿಗೆ ಕಳುಹಿಸಿದರೆ ಸಾಕು. ಸೇವಾಕರ್ತರ ಮನೆಗಳನ್ನು ಕಳುಹಿಸುವುದೇ ಬೇಡ, ಪ್ರದರ್ಶನದ ನೋಡನ್ನು ಊರಿಗೆ ಜೋಡಿಸಿದರೆ ಇತಿಹಾಸದ ಉದ್ದೇಶ ಈಡೇರುತ್ತದೆ.

ಮುಂದೆ ಎಂದಾದರೂ ರೋಲ್‌ಗಳಿರುವ ಆವೃತ್ತಿಗೆ ಹೋದರೆ ಅಲ್ಲಿಯ ಕೆಲವು ಸೂಕ್ಷ್ಮಗಳನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಗ್ರಾಂಟ್ ಅನುಮತಿ ಕೊಡುತ್ತದೆ, ಡಿನೈ ತಡೆಯುತ್ತದೆ, ಎರಡೂ ಎದುರಾದರೆ ಡಿನೈ ಗೆಲ್ಲುತ್ತದೆ. ರಿವೋಕ್ ಎಂಬುದು ತಡೆಯಲ್ಲ, ಹಿಂದೆ ಕೊಟ್ಟ ಗ್ರಾಂಟನ್ನೋ ಡಿನೈಯನ್ನೋ ಹಿಂತೆಗೆದುಕೊಳ್ಳುವುದು ಮಾತ್ರ. ಒಬ್ಬರಿಗೆ ಎರಡು ರೋಲ್‌ಗಳಿದ್ದು ಒಂದರಿಂದ ರಿವೋಕ್ ಮಾಡಿದರೆ ಇನ್ನೊಂದರ ಮೂಲಕ ಅವರು ಓದುತ್ತಲೇ ಇರುತ್ತಾರೆ. ಒಂದೇ ನೋಡಿಗೆ ಕಲಾವಿದ, ಸೇವಾಕರ್ತ ಎಂಬ ಎರಡು ಲೇಬಲ್‌ಗಳಿದ್ದು ಓದುಗರಿಗೆ ಕಲಾವಿದ ಎಂಬುದಕ್ಕೆ ಮಾತ್ರ ಗ್ರಾಂಟ್ ಇದ್ದರೂ ಆ ನೋಡ್ ಕಾಣುತ್ತದೆ; ಮರೆಮಾಡಬೇಕಾದರೆ ಸೇವಾಕರ್ತ ಲೇಬಲಿನ ಮೇಲೆ ಡಿನೈಯನ್ನೇ ಹಾಕಬೇಕು. ಇದೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮರ್ಜ್ ಆದೇಶ. ಇದ್ದರೆ ಇರುವುದನ್ನು ಬಳಸು, ಇಲ್ಲದಿದ್ದರೆ ಹೊಸದನ್ನು ಸೃಷ್ಟಿಸು ಎಂಬುದು ಅದರ ಕೆಲಸ. ತುಂಬಿಸುವವರಿಗೆ ಒಬ್ಬ ಕಲಾವಿದರ ನೋಡ್ ಕಾಣದಂತೆ ಮಾಡಿದ್ದರೆ ಮರ್ಜ್‌ಗೂ ಅದು ಕಾಣುವುದಿಲ್ಲ, ಅದೇ ಹೆಸರಿನ ಇನ್ನೊಂದು ನೋಡ್ ಹುಟ್ಟುತ್ತದೆ. ಹೆಸರು ಪುನರಾವರ್ತನೆಯಾಗಬಾರದೆಂಬ ಕನ್‌ಸ್ಟ್ರೇಂಟ್ ಇದ್ದರೆ ಆದೇಶ ವಿಫಲವಾಗುತ್ತದೆ, ಆ ವೈಫಲ್ಯವೇ ಅಂಥ ಹೆಸರು ಒಳಗಿದೆಯೆಂದು ಹೇಳಿಬಿಡುತ್ತದೆ. ಆದುದರಿಂದ ಬರೆಯುವವರಿಂದ ನೋಡ್‌ಗಳನ್ನು ಮರೆಮಾಡಬಾರದು. ಫೋನ್, ವಿಳಾಸ, ಸಂಭಾವನೆಗಳನ್ನು "ಸಂಪರ್ಕ" ಎಂಬ ಬೇರೆ ನೋಡಿಗೆ ವರ್ಗಾಯಿಸಿ ಅದನ್ನಷ್ಟೇ ಮುಚ್ಚಿದರೆ ಕಲಾವಿದರ ನೋಡ್ ಎಲ್ಲರಿಗೂ ಕಾಣುವಂತಿದ್ದರೂ ಹಾನಿಯಿಲ್ಲ. ಈ ಬದಲಾವಣೆಯನ್ನು ಕಮ್ಯುನಿಟಿ ಆವೃತ್ತಿಯಲ್ಲಿಯೇ, ಇಂದೇ ಮಾಡಬಹುದು. ರಫ್ತಿನ ಪ್ರಶ್ನೆಯೂ ಸರಳವಾಗುತ್ತದೆ.

ಪೆರ್ಲದ ಅರ್ಥಧಾರಿ

ವಿವರವಾಗಿ ತಿಳಿಸಿದ್ದಕ್ಕೆ ಕೃತಜ್ಞತೆಗಳು. ಯಾವ ಗುರು-ಶಿಷ್ಯ ಸಂಬಂಧಗಳನ್ನು ತೋರಿಸಬಹುದು ಎಂಬುದನ್ನು ಸಂಬಂಧಪಟ್ಟವರ ಬಳಿ ಕೇಳಿ, ಒಂದು ಪಟ್ಟಿಯನ್ನು ಮಾಡಿಕೊಡುವ ಹೊಣೆಯನ್ನು ನಾನು ವಹಿಸಿಕೊಳ್ಳುತ್ತೇನೆ.

ನೀರ್ಚಾಲಿನ ವಿದ್ಯಾರ್ಥಿ

ಬ್ಯಾಕಪ್ ಬಗ್ಗೆ ಒಂದು ಸಂದೇಹ. ಸರ್ವರಿನ ಡೇಟಾ ಫೋಲ್ಡರನ್ನು ಪ್ರತಿ ರಾತ್ರಿ ಪೆನ್ ಡ್ರೈವಿಗೆ ಕಾಪಿ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದರೆ ಸಾಲದೇ? ಕರೆಂಟು ಹೋದಾಗಲೂ ನಿಯೋ4ಜೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಎಂದು ಓದಿದ್ದೇನೆ, ಹಾಗಾದರೆ ಕಾಪಿ ಮಾಡಿದ ಫೋಲ್ಡರಿನಿಂದಲೂ ಚೇತರಿಸಿಕೊಳ್ಳಬೇಕಲ್ಲವೇ?

ಮಂಜೇಶ್ವರದ ಡೇಟಾಬೇಸ್ ನಿರ್ವಾಹಕಿ

ಈ ಸಂದೇಹ ಸಹಜವಾದುದು, ಆದರೆ ಇವೆರಡೂ ಒಂದೇ ಪರಿಸ್ಥಿತಿಯಲ್ಲ. ಕರೆಂಟು ಹೋದಾಗ ಎಲ್ಲ ಫೈಲುಗಳೂ ಒಂದೇ ಕ್ಷಣದಲ್ಲಿ ನಿಲ್ಲುತ್ತವೆ; ಮತ್ತೆ ಎದ್ದ ಸರ್ವರ್ ಟ್ರಾನ್ಸಾಕ್ಷನ್ ಲಾಗನ್ನು (ಬದಲಾವಣೆಗಳನ್ನು ಬರೆದಿಡುವ ಫೈಲನ್ನು) ಓದಿ, ಮುಗಿದ ಕೆಲಸಗಳನ್ನು ಪೂರ್ತಿಗೊಳಿಸಿ, ಅರ್ಧಕ್ಕೆ ನಿಂತವನ್ನು ಬಿಟ್ಟುಬಿಡುತ್ತದೆ. ಸರ್ವರ್ ನಡೆಯುತ್ತಿರುವಾಗ ಫೋಲ್ಡರನ್ನು ಕಾಪಿ ಮಾಡಿದರೆ ನೋಡ್‌ಗಳ ಫೈಲ್ ಒಂದು ಹೊತ್ತಿನದು, ಸಂಬಂಧಗಳ ಫೈಲ್ ಇನ್ನೊಂದು ಹೊತ್ತಿನದು, ಲಾಗ್ ಮತ್ತೊಂದು ಹೊತ್ತಿನದು ಆಗುತ್ತದೆ. ಅದರಿಂದ ಎಬ್ಬಿಸಿದ ಗ್ರಾಫ್ ತೆರೆದುಕೊಂಡರೂ ಅದನ್ನು ನಂಬುವಂತಿಲ್ಲ.

ಕಮ್ಯುನಿಟಿ ಆವೃತ್ತಿಯಲ್ಲಿ ಸರಿಯಾದ ದಾರಿ ಡಂಪ್. ನಿಯೋ4ಜೆ ಅಡ್ಮಿನ್ ಎಂಬ ಉಪಕರಣದ ಡೇಟಾಬೇಸ್ ಡಂಪ್ ಆದೇಶ ಇಡೀ ಡೇಟಾಬೇಸನ್ನು ಒಂದೇ ಫೈಲಿಗೆ ಇಳಿಸುತ್ತದೆ, ಆದರೆ ಆ ಹೊತ್ತಿನಲ್ಲಿ ಸರ್ವರ್ ನಿಂತಿರಬೇಕು. ತಿರುಗಾಟದ ಕಾಲದಲ್ಲಿ ಆಟ ನೋಡಿ ಬಂದವರು ಬೆಳಿಗ್ಗೆ ವಿವರ ತುಂಬಿಸುವುದು ವಾಡಿಕೆಯಾದ್ದರಿಂದ ಮಧ್ಯಾಹ್ನದ ಊಟದ ಹೊತ್ತನ್ನು ಇದಕ್ಕೆ ಆರಿಸಿಕೊಳ್ಳಬಹುದು. ದತ್ತಾಂಶದ ಡೇಟಾಬೇಸಿನೊಂದಿಗೆ ಸಿಸ್ಟಮ್ ಡೇಟಾಬೇಸನ್ನೂ ಪ್ರತ್ಯೇಕವಾಗಿ ಡಂಪ್ ಮಾಡಬೇಕು. ಕಾನ್ಫಿಗರೇಶನ್ ಫೈಲುಗಳು, ಪ್ಲಗಿನ್ ಫೋಲ್ಡರಿನಲ್ಲಿರುವ ಅಪಾಕ್, ಸರ್ಟಿಫಿಕೇಟ್‌ಗಳು ಡಂಪಿನಲ್ಲಿ ಸೇರುವುದಿಲ್ಲ, ಅವನ್ನೂ ಜೊತೆಗಿಡಿ. ಯಾವ ಆವೃತ್ತಿಯ ಸರ್ವರಿನಿಂದ ತೆಗೆದ ಡಂಪ್ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆದಿಡಬೇಕು, ಏಕೆಂದರೆ ಹೊಸ ಆವೃತ್ತಿಯ ಡಂಪನ್ನು ಹಳೆಯ ಆವೃತ್ತಿಗೆ ಲೋಡ್ ಮಾಡಬಹುದೆಂದು ನೆಚ್ಚಿಕೊಳ್ಳುವಂತಿಲ್ಲ.

ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಸರ್ವರ್ ನಿಲ್ಲಿಸದೆಯೇ ಬ್ಯಾಕಪ್ ತೆಗೆಯಬಹುದು. ಮೊದಲ ಸಲ ಪೂರ್ಣ ಪ್ರತಿ, ಅನಂತರ ಬದಲಾದದ್ದು ಮಾತ್ರ ಎಂಬ ಸರಣಿಯಲ್ಲಿ ಅದು ಬೆಳೆಯುತ್ತದೆ. ಸರಣಿಯ ನಡುವಿನ ಒಂದು ಫೈಲ್ ಕಳೆದರೆ ಅದರ ಮುಂದಿನವು ಉಪಯೋಗಕ್ಕೆ ಬಾರವು, ಆದುದರಿಂದ ಆಗಾಗ ಅವನ್ನು ಒಂದೇ ಪೂರ್ಣ ಪ್ರತಿಯಾಗಿ ಒಗ್ಗೂಡಿಸುವ ಆದೇಶವೂ ಇದೆ. ಆ ಬ್ಯಾಕಪ್‌ಗೆ ಬಳಕೆಯಾಗುವುದು 6362ನೇ ಪೋರ್ಟ್. ಅದನ್ನು ತೆರೆದಿಟ್ಟರೆ ರೋಲ್‌ಗಳನ್ನೆಲ್ಲ ದಾಟಿ ಇಡೀ ಡೇಟಾಬೇಸ್ ಹೊರಹೋಗಬಹುದು. ನಿಮಗೆ ಸದ್ಯ ಇದು ಬೇಕಾಗಿಲ್ಲ.

ಪೆನ್ ಡ್ರೈವ್ ವಿಚಾರದಲ್ಲಿ ಒಂದು ಮಾತು. ಸರ್ವರಿಗೆ ಸದಾ ಚುಚ್ಚಿಕೊಂಡೇ ಇರುವ ಡ್ರೈವ್, ಸಿಡಿಲು ಬಡಿದ ದಿನ ಸರ್ವರಿನೊಂದಿಗೇ ಹೋಗುತ್ತದೆ. ನಮ್ಮ ಕಡೆ ಮುಂಗಾರು ಮುಗಿದ ಮೇಲೆ, ತುಲಾ ಮಾಸದ ಸಂಜೆಯ ಗುಡುಗು ಮಳೆಯಲ್ಲಿ ಈ ಅಪಾಯ ಹೆಚ್ಚು, ಮೇಳಗಳು ತಿರುಗಾಟಕ್ಕೆ ಹೊರಡುವ ಸಿದ್ಧತೆ ನಡೆಯುವುದೂ ಆಗಲೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬ ರೂಢಿಯ ನಿಯಮವನ್ನು ಪಾಲಿಸಿ. ಡಂಪ್ ಇಳಿಸಿದ ಮೇಲೆ ಡ್ರೈವನ್ನು ಕಳಚಿ ಬೇರೆ ಕೋಣೆಯಲ್ಲಿಡಿ, ಇನ್ನೊಂದು ಪ್ರತಿ ಮಂಗಳೂರಿನಲ್ಲಿರುವ ಸದಸ್ಯರ ಬಳಿ ಇರಲಿ. ಹೀಗೆ ಊರು ದಾಟುವ ಪ್ರತಿಯೊಂದು ಡಂಪನ್ನೂ ಜಿಪಿಜಿಯಂಥ ಉಪಕರಣದಿಂದ ಗೂಢಲಿಪೀಕರಿಸಿಯೇ ಕಳುಹಿಸಬೇಕು, ಏಕೆಂದರೆ ಡಂಪ್ ತಾನಾಗಿ ಗೂಢಲಿಪಿಯಲ್ಲಿರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಾಕಿಡುವುದಂತೂ ಕೂಡದು.

ಬದಿಯಡ್ಕದ ಮಾಷ್ಟ್ರು

ಡಂಪ್ ಮತ್ತು ಲೋಡ್ ಆದೇಶಗಳನ್ನು ಲಿನಕ್ಸಿನಲ್ಲಿ ರೂಟ್ ಆಗಿ ಓಡಿಸುವವರಿಗೆ ಒಂದು ಎಚ್ಚರಿಕೆ. ಲೋಡ್ ಯಶಸ್ವಿಯಾಯಿತೆಂದು ಪರದೆಯಲ್ಲಿ ಬಂದ ಮೇಲೂ ಸರ್ವರ್ ಏಳದಿದ್ದರೆ, ಹೊಸದಾಗಿ ಬರೆದ ಫೈಲುಗಳ ಒಡೆತನ ರೂಟಿಗೆ ಹೋಗಿರುವುದೇ ಸಾಮಾನ್ಯವಾಗಿ ಕಾರಣ. ನಿಯೋ4ಜೆ ಎಂಬ ಯೂಸರಿನ ಹೆಸರಿನಲ್ಲಿಯೇ ಆ ಆದೇಶಗಳನ್ನು ಓಡಿಸಿ. ಡಾಕರ್ ಬಳಸುವವರು ಕಂಟೇನರಿನೊಳಗಿನ ಯೂಸರಿನ ಸಂಖ್ಯೆ 7474 ಎಂಬುದನ್ನು ಗಮನಿಸಿ ಫೋಲ್ಡರಿನ ಒಡೆತನವನ್ನು ಸರಿಪಡಿಸಬೇಕು.

ಇನ್ನೊಂದು ವಿಷಯ ಚರ್ಚೆಗೆ ಬರಲೇಬೇಕು. ಒಬ್ಬ ಕಲಾವಿದರು ತಮ್ಮ ಫೋನ್ ನಂಬರನ್ನು ತೆಗೆದುಹಾಕಲು ಹೇಳುತ್ತಾರೆ, ನಾವು ತೆಗೆಯುತ್ತೇವೆ. ಆದರೆ ಹಿಂದಿನ ಡಂಪುಗಳಲ್ಲಿ ಅದು ಇದ್ದೇ ಇರುತ್ತದೆ. ಆರು ತಿಂಗಳ ಬಳಿಕ ಯಂತ್ರ ಕೆಟ್ಟು ಹಳೆಯ ಡಂಪಿನಿಂದ ಗ್ರಾಫನ್ನು ಎಬ್ಬಿಸಿದರೆ ನಂಬರು ಮತ್ತೆ ಕಾಣಿಸಿಕೊಳ್ಳುತ್ತದೆ. ಸಿಸ್ಟಮ್ ಡೇಟಾಬೇಸಿಗೂ ಇದೇ ಮಾತು ಅನ್ವಯಿಸುತ್ತದೆ. ಬಳಗ ಬಿಟ್ಟುಹೋದವರ ಯೂಸರನ್ನು ನಾವು ತೆಗೆದಿದ್ದರೂ ಹಳೆಯ ಸಿಸ್ಟಮ್ ಡಂಪಿನೊಂದಿಗೆ ಅವರೂ ಅವರ ಹಳೆಯ ಪಾಸ್‌ವರ್ಡೂ ಮರಳಿ ಬರುತ್ತವೆ. 2023ರಲ್ಲಿ ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದ್ದು, ಅದು ತನ್ನ ವಿವರವನ್ನು ತಿದ್ದಿಸುವ ಮತ್ತು ಅಳಿಸಿಸುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಕಾಯ್ದೆಯ ಮಾತು ಹಾಗಿರಲಿ, ನಂಬಿ ಹೇಳಿದವರ ಎದುರು ನಾವು ತಲೆ ಎತ್ತಿ ನಿಲ್ಲುವಂತಿರಬೇಕು. ನಿರ್ವಾಹಕಿಯವರು ಇದಕ್ಕೆ ಏನು ಸಲಹೆ ಕೊಡುತ್ತಾರೆ?

ಮಂಜೇಶ್ವರದ ಡೇಟಾಬೇಸ್ ನಿರ್ವಾಹಕಿ

ಮಾಷ್ಟ್ರೇ, ಇದು ನಾನೇ ಎತ್ತಬೇಕೆಂದಿದ್ದ ವಿಷಯ. ಎರಡು ಕ್ರಮಗಳು ಒಟ್ಟಿಗೆ ಬೇಕು. ಒಂದು, ಹಳೆಯ ಡಂಪುಗಳಿಗೆ ಆಯುಷ್ಯ ನಿಗದಿಮಾಡುವುದು. ಪ್ರತಿ ದಿನದವನ್ನು ಒಂದು ವಾರ, ವಾರಕ್ಕೊಂದನ್ನು ಮೂರು ತಿಂಗಳು ಇಟ್ಟು, ಅದಕ್ಕಿಂತ ಹಳೆಯವನ್ನು ಅಳಿಸಿಬಿಡಬಹುದು. ಪ್ರತಿ ವರ್ಷ ಪತ್ತನಾಜೆಯ ಬಳಿಕ, ಆ ತಿರುಗಾಟದ ದಾಖಲೆ ಮುಗಿದಾಗ, ಶಾಶ್ವತವಾಗಿ ಇಡಲು ತೆಗೆಯುವ ಪ್ರತಿ ಡಂಪ್ ಆಗಿರಬಾರದು. ಅದು ಓದುಗರ ಗ್ರಾಫಿನ ರಫ್ತು ಆಗಿರಲಿ. ಅದು ಸೈಫರ್ ಆದೇಶಗಳ ಸಾದಾ ಪಠ್ಯವಾದ್ದರಿಂದ ಆವೃತ್ತಿ ಬದಲಾದರೂ ಮನುಷ್ಯರ ಕಣ್ಣಿಗೇ ಓದಲು ಬರುತ್ತದೆ, ಅದರಲ್ಲಿ ಗುಟ್ಟಿನ ವಿವರವೂ ಇರುವುದಿಲ್ಲ.

ಎರಡನೆಯದು, ತೆಗೆದುಹಾಕಿದವುಗಳ ಒಂದು ಪಟ್ಟಿ. ಅಲ್ಲಿ ಫೋನ್ ನಂಬರನ್ನು ಬರೆಯಬಾರದು. ಯಾವ ಗುರುತಿನ ಸಂಖ್ಯೆಯ ನೋಡಿನಿಂದ ಯಾವ ಪ್ರಾಪರ್ಟಿಯನ್ನು ತೆಗೆಯಬೇಕು, ಯಾವ ಯೂಸರ್ ಇರಬಾರದು ಎಂಬುದಷ್ಟೇ ಸಾಕು. ಇಲ್ಲಿ ನಿಯೋ4ಜೆ ತಾನೇ ಕೊಡುವ ಆಂತರಿಕ ಸಂಖ್ಯೆಯನ್ನು ಬಳಸಬೇಡಿ, ನೋಡ್ ಅಳಿಸಿದ ಮೇಲೆ ಅದು ಬೇರೆ ನೋಡಿಗೆ ಹೋಗಬಹುದು. ನೀವೇ ಕೊಟ್ಟ ಗುರುತಿನ ಪ್ರಾಪರ್ಟಿ ಇರಲಿ. ಯಾವುದೇ ಡಂಪನ್ನು ಲೋಡ್ ಮಾಡಿದರೂ, ಸರ್ವರನ್ನು ಉಳಿದವರಿಗೆ ತೆರೆಯುವ ಮುನ್ನ ಈ ಪಟ್ಟಿಯನ್ನು ಸ್ಕ್ರಿಪ್ಟಾಗಿ ಓಡಿಸಬೇಕು. ಓದುಗರ ಗ್ರಾಫನ್ನು ಪ್ರತಿ ಸಲ ಖಾಲಿಯಿಂದಲೇ ತುಂಬಿಸಿದರೆ ತೆಗೆದುಹಾಕಿದ ವಿವರ ಅಲ್ಲಿ ಹಳೆಯದಾಗಿ ಉಳಿದುಬಿಡುವ ಭಯವಿಲ್ಲ.

ಕುಂಬಳೆಯ ಸಂಗ್ರಾಹಕ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬಳಗದವರೊಂದಿಗೆ ಮಾತನಾಡಿ ಹೀಗೆ ತೀರ್ಮಾನಿಸಿದ್ದೇವೆ. ಕುಂಬಳೆಯ ಯಂತ್ರದಲ್ಲಿ ಪೂರ್ಣ ಗ್ರಾಫ್ ಇರುತ್ತದೆ, ಅದಕ್ಕೆ ಪರಿಶೀಲಕರು ಮಾತ್ರ ತಮ್ಮ ತಮ್ಮ ಹೆಸರಿನಲ್ಲಿ ಒಳಹೋಗುತ್ತಾರೆ. ತುಂಬಿಸುವವರು ಒಂದು ಅರ್ಜಿ ನಮೂನೆಯ ಪುಟದಲ್ಲಿ ವಿವರ ಬರೆದರೆ ಪರಿಶೀಲಕರು ನೋಡಿ ಒಳಸೇರಿಸುತ್ತಾರೆ. ಫೋನ್, ವಿಳಾಸ, ಸಂಭಾವನೆಗಳನ್ನು ಸಂಪರ್ಕ ನೋಡಿಗೆ ವರ್ಗಾಯಿಸುತ್ತೇವೆ. ಅನಾರೋಗ್ಯದ ವಿವರ ನಮ್ಮ ಉದ್ದೇಶಕ್ಕೆ ಬೇಕಾಗಿಯೇ ಇಲ್ಲವೆಂದು ಎಲ್ಲರೂ ಒಪ್ಪಿದ್ದರಿಂದ ಅದನ್ನು ಪೂರ್ತಿಯಾಗಿ ಅಳಿಸುತ್ತೇವೆ.

ಉಳಿದಿರುವುದು ಎರಡು ಪ್ರಶ್ನೆಗಳು. ಗೂಢಲಿಪಿಯ ಕೀಲಿಯನ್ನು ಯಾರ ಬಳಿ ಇಡುವುದು? ಮತ್ತು ಬ್ಯಾಕಪ್ ನಿಜವಾಗಿ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಮಂಜೇಶ್ವರದ ಡೇಟಾಬೇಸ್ ನಿರ್ವಾಹಕಿ

ಅನಾರೋಗ್ಯದ ವಿವರವನ್ನು ಅಳಿಸುವ ನಿಮ್ಮ ತೀರ್ಮಾನ ಇಡೀ ಚರ್ಚೆಯಲ್ಲೇ ಅತ್ಯುತ್ತಮವಾದುದು. ಅದು ಇರುವ ಹಳೆಯ ಡಂಪುಗಳನ್ನೂ ಮರೆಯದೆ ಅಳಿಸಿ.

ಕೀಲಿ ಇಬ್ಬರ ಬಳಿ ಇರಲಿ, ಮತ್ತು ಆ ಇಬ್ಬರೂ ಒಂದೇ ಮನೆಯವರಾಗಿರಬಾರದು. ಡಂಪನ್ನು ಗೂಢಲಿಪೀಕರಿಸಲು ಸಾರ್ವಜನಿಕ ಕೀಲಿ ಸಾಕಾಗುವುದರಿಂದ, ಅದನ್ನು ತೆರೆಯಲು ಬೇಕಾದ ಖಾಸಗಿ ಕೀಲಿಯನ್ನು ಸರ್ವರಿನಲ್ಲಿ ಇಡುವ ಅಗತ್ಯವೇ ಇಲ್ಲ. ಜಿಪಿಜಿಯಲ್ಲಿ ಒಂದೇ ಫೈಲನ್ನು ಸ್ವೀಕರಿಸುವ ಇಬ್ಬರಿಗೆ ಒಟ್ಟಿಗೆ ಗೂಢಲಿಪೀಕರಿಸಬಹುದು, ಆಗ ಇಬ್ಬರಲ್ಲಿ ಯಾರೊಬ್ಬರು ಬೇಕಾದರೂ ತಮ್ಮ ಸ್ವಂತ ಕೀಲಿಯಿಂದ ತೆರೆಯಬಹುದು. ಡಂಪ್ ಇರುವ ಡ್ರೈವಿನಲ್ಲಿಯೇ ಖಾಸಗಿ ಕೀಲಿಯನ್ನು ಇಡಬೇಡಿ.

ಸರಿಯಾಗಿದೆಯೇ ಎಂದು ತಿಳಿಯಲು ಲೋಡ್ ಮಾಡಿಯೇ ನೋಡಬೇಕು. ಕಮ್ಯುನಿಟಿ ಆವೃತ್ತಿಯಲ್ಲಿ ಎರಡನೆಯ ಡೇಟಾಬೇಸನ್ನು ಸೃಷ್ಟಿಸಲಾಗದು, ಆದುದರಿಂದ ಬೇರೆ ಯಂತ್ರದಲ್ಲಿ ಅದೇ ಆವೃತ್ತಿಯನ್ನು ಹಾಕಿ ಅಲ್ಲಿ ಪ್ರಯತ್ನಿಸಿ. ಇರುವುದರ ಮೇಲೆ ಬರೆಯುವ ಆಯ್ಕೆಯನ್ನು ಲೋಡ್ ಆದೇಶಕ್ಕೆ ಕೊಡಬೇಕಾಗುತ್ತದೆ. ಅದನ್ನು ಕೊಡುವ ಮುನ್ನ ನೀವು ಕುಳಿತಿರುವುದು ಪರೀಕ್ಷೆಯ ಯಂತ್ರದ ಮುಂದೆಯೇ ಎಂದು ಖಚಿತಪಡಿಸಿಕೊಳ್ಳಿ. ಸರ್ವರ್ ನಿಲ್ಲಿಸಿ ಡಂಪ್ ತೆಗೆಯುವ ಮುಂಚೆ ಪ್ರತಿಯೊಂದು ಲೇಬಲಿನಲ್ಲಿ ಎಷ್ಟು ನೋಡ್‌ಗಳು, ಪ್ರತಿಯೊಂದು ಬಗೆಯ ಸಂಬಂಧಗಳು ಎಷ್ಟು ಎಂದು ಒಂದು ಫೈಲಿಗೆ ಬರೆದಿಡಿ. ಲೋಡ್ ಆದ ಮೇಲೆ ಅದೇ ಎಣಿಕೆಯನ್ನು ಮಾಡಿ ಹೋಲಿಸಿ. ಡೇಟಾಬೇಸಿನ ಒಳಗಿನ ಹೊಂದಾಣಿಕೆಯನ್ನು ಪರೀಕ್ಷಿಸುವ ಚೆಕ್ ಆದೇಶವನ್ನೂ ಓಡಿಸಿ. ಆನಂತರ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಆಡಿದ ಪ್ರದರ್ಶನಗಳನ್ನು ಹುಡುಕುವಂಥ, ಉತ್ತರ ನಿಮಗೆ ಚೆನ್ನಾಗಿ ತಿಳಿದಿರುವ ಕೆಲವು ಪ್ರಶ್ನೆಗಳನ್ನು ಕೇಳಿ ನೋಡಿ.

ಅಷ್ಟಾದ ಮೇಲೆ ತೆಗೆದುಹಾಕಿದವುಗಳ ಪಟ್ಟಿಯನ್ನು ಓಡಿಸಿ, ಬಳಗ ಬಿಟ್ಟವರ ಹೆಸರಿನಲ್ಲಿ ಒಳಹೋಗಲು ಪ್ರಯತ್ನಿಸಿ, ಸಾಧ್ಯವಾಗಬಾರದು. ಓದುಗರ ಗ್ರಾಫಿಗೆ ರಫ್ತು ತೆಗೆದು ಆ ಪಠ್ಯ ಫೈಲಿನಲ್ಲಿ ಹತ್ತು ಅಂಕಿಗಳ ಸಾಲುಗಳನ್ನು ಹುಡುಕಿ, ಒಂದೂ ಸಿಗಬಾರದು. ತಿರುಗಾಟ ಶುರುವಾಗುವ ಮುಂಚೆ ಒಮ್ಮೆ, ಪತ್ತನಾಜೆಯ ಬಳಿಕ ಒಮ್ಮೆ ಇದನ್ನು ಮಾಡಿ, ಮತ್ತು ಸರ್ವರಿನ ಆವೃತ್ತಿ ಬದಲಿಸುವಾಗಲೆಲ್ಲ ಮಾಡಿ. ಕೆಲಸ ಮುಗಿದ ಕೂಡಲೇ ಪರೀಕ್ಷೆಯ ಯಂತ್ರದಿಂದ ಆ ಗ್ರಾಫನ್ನೂ ಗೂಢಲಿಪಿ ಬಿಡಿಸಿದ ಡಂಪನ್ನೂ ಅಳಿಸಬೇಕು, ಅವೂ ಪೂರ್ಣ ಪ್ರತಿಗಳೇ.

ಕುಂಬಳೆಯ ಸಂಗ್ರಾಹಕ

ಒಪ್ಪಿದೆ. ಒಂದು ಕೀಲಿ ಬದಿಯಡ್ಕದ ಮಾಷ್ಟ್ರ ಬಳಿ, ಇನ್ನೊಂದು ಮಂಗಳೂರಿನಲ್ಲಿರುವ ನಮ್ಮ ಸದಸ್ಯೆಯ ಬಳಿ ಇರುತ್ತದೆ. ನೀರ್ಚಾಲಿನ ವಿದ್ಯಾರ್ಥಿ ಎಣಿಕೆ ಹೋಲಿಸುವ ಸ್ಕ್ರಿಪ್ಟನ್ನು ಬರೆಯಲು ಒಪ್ಪಿದ್ದಾರೆ. ಮೊದಲ ಲೋಡ್ ಪರೀಕ್ಷೆಯ ಫಲಿತಾಂಶವನ್ನು, ಎಣಿಕೆಯಲ್ಲಿ ವ್ಯತ್ಯಾಸ ಬಂದರೆ ಆ ವ್ಯತ್ಯಾಸದ ಸಮೇತ, ಇಲ್ಲಿಯೇ ಬರೆಯುತ್ತೇವೆ.